ರಾಜನ ಕುಲ್ಲಾಯಿ, ಅಂತಃಪುರದ ಲೆಕ್ಕ



ಈ ಪಾಠದಲ್ಲಿ ರಾಜರ ಟೋಪಿಯ ಕಥೆ ಇದೆ. ಅರಮನೆಯ ಕಟ್ಟುಪಾಡುಗಳ ಕಥೆ ಇದೆ. ಅದರ ಜೊತೆಗೆ ಲೆಕ್ಕ ಬರೆದ ಹೆಂಗಸರ ಕಥೆಯೂ ಇದೆ. ಅರಮನೆಯ ಸಂಗತಿ ಕಟ್ಟುಕಥೆ ಅಲ್ಲ. ನಮ್ಮ ಹಂಪಿಯಲ್ಲಿ ಕಣ್ಣಾರೆ ಕಂಡವರು ಬರೆದಿಟ್ಟದ್ದು. ನಿಧಾನವಾಗಿ ಓದಿ. ದಿನಕ್ಕೆ ಎರಡು ಭಾಗ ಓದಿದರೆ ಸಾಕು. ತಿಳಿಯದ ಪದ ಬಂದರೆ ಪಾಠದ ಕೊನೆಯಲ್ಲಿ ಅರ್ಥ ನೋಡಿ.

1. ಕುಲಾವಿ ಹೊಲಿಯುವ ಅಕ್ಕ

ಒಂದು ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಎಲ್ಲರೂ ಪುಸ್ತಕ ತೆಗೆದರು. ಒಬ್ಬ ಅಕ್ಕ ಮಾತ್ರ ತೆಗೆಯಲಿಲ್ಲ. ಗೋಡೆಗೆ ಒರಗಿ ಕುಳಿತು ಸೂಜಿ ದಾರ ಹಿಡಿದು ಏನೋ ಹೊಲಿಯುತ್ತಿದ್ದರು.

"ಯಾಕಕ್ಕ, ಇವತ್ತು ಪುಸ್ತಕ ತೆಗೀಲಿಲ್ಲ?" ಎಂದು ಕೇಳಿದೆ.

"ನಾಳೆಯಿಂದ ನಾನು ಬರಲ್ಲ ಟೀಚರಮ್ಮ."

"ಏನಾಯ್ತು?"

ಅಕ್ಕ ತಲೆ ಎತ್ತಲಿಲ್ಲ. ಮೆಲ್ಲಗೆ ಹೇಳಿದರು: "ಸಂಘದಿಂದ ಆರು ಸಾವಿರ ಸಾಲ ತಗೊಂಡಿದ್ದೆ. ತಿಂಗಳಿಗೆ ಐನೂರು ಕಟ್ಟಬೇಕು. ಏಳು ಕಂತು ಕಟ್ಟಿದೀನಿ. ಕಟ್ಟಿದಾಗೆಲ್ಲ ಅಡುಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಒಂದೊಂದು ಗೀಟು ಎಳೆದಿದೀನಿ. ಪುಸ್ತಕದಲ್ಲಿ ಆರೇ ಕಂತು ಐತೆ ಅಂತಾರೆ. ಗೋಡೆ ಗೀಟು ತೋರಿಸಿದ್ರೆ ನಗ್ತಾರೆ. ಮನೇಲೂ ನಗ್ತಾರೆ. ಈ ವಯಸ್ಸಲ್ಲಿ ಓದೋಕೆ ಹೋಗ್ತೀಯಲ್ಲ, ನಿನ್ನ ತಲೆಗೇನು ಕಿರೀಟ ಇಡ್ತಾರಾ ಅಂತಾರೆ."

ಯಾರೂ ಮಾತಾಡಲಿಲ್ಲ. ಅಲ್ಲಿದ್ದ ಹಲವರು ಇಂಥ ಮಾತು ಕೇಳಿದವರೇ.

ನಾನು ಅಕ್ಕನ ಕೈ ನೋಡಿದೆ. "ಅದೇನಕ್ಕ ಹೊಲೀತಿರೋದು?"

"ಕುಲಾವಿ. ಮಗಳಿಗೆ ಹೆರಿಗೆ ಆಗಿದೆ. ಮಗೂಗೆ ಥಂಡಿ ಆಗಬಾರದಲ್ಲ."

"ಒಂದು ಕಾಲದಲ್ಲಿ ಇಂಥದೇ ಹೆಸರಿನ ಟೋಪಿ ದೊಡ್ಡ ರಾಜರ ತಲೆ ಮೇಲಿತ್ತು. ಗೊತ್ತಾ?"

"ಹೋಗಿ ಟೀಚರಮ್ಮ, ತಮಾಷೆ ಮಾಡ್ತೀರಾ!"

"ತಮಾಷೆ ಅಲ್ಲ ಅಕ್ಕ. ಇವತ್ತು ಒಂದು ದಿನ ಕುಳಿತು ಕೇಳಿ. ಆಮೇಲೆ ಬರೋದು ಬಿಡೋದು ನಿಮ್ಮ ಇಷ್ಟ."

ಆ ಸಂಜೆ ಶುರುವಾದ ಪಾಠವೇ ಇದು.

2. ತಲೆ ನೋಡಿದರೆ ತಿಳಿಯುತ್ತದೆ

ನಮ್ಮ ಊರಿನಲ್ಲೇ ನೋಡಿ. ತಲೆಯ ಮೇಲೆ ಏನಿದೆ ಎಂದು ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ. ಬಾಸಿಂಗ ಕಟ್ಟಿದ್ದರೆ ಮದುವೆ ಗಂಡು. ತಲೆಗೆ ಟವೆಲ್ ಸುತ್ತಿದ್ದರೆ ಹೊಲಕ್ಕೆ ಹೊರಟ ರೈತ. ಸಮವಸ್ತ್ರದ ಟೋಪಿ ಇದ್ದರೆ ಪೊಲೀಸಿನವರು. ಸಿಂಬೆ ಇದ್ದರೆ ನೀರಿಗೋ ಸೌದೆಗೋ ಹೊರಟ ಹೆಂಗಸು.

ರಾಜರ ಕಾಲದಲ್ಲೂ ಹೀಗೇ. ತಲೆಯುಡುಗೆ ನೋಡಿ ಜನರ ಸ್ಥಾನಮಾನ ಗುರುತಿಸುತ್ತಿದ್ದರು. "ಪಟ್ಟಕ್ಕೆ ಬಂದ" ಎಂದು ನಾವು ಹೇಳುತ್ತೇವೆ. ಪಟ್ಟ ಎಂದರೆ ಹಣೆಗೆ ಕಟ್ಟುವ ಪಟ್ಟಿ. ರಾಜನಾಗುವವನ ಹಣೆಗೆ ಅದನ್ನು ಕಟ್ಟುತ್ತಿದ್ದರು. ಪಟ್ಟದ ರಾಣಿ, ಪಟ್ಟದ ಆನೆ ಎನ್ನುವ ಮಾತುಗಳೂ ಇದರಿಂದಲೇ ಬಂದವು.

ಈಗ ಹಂಪಿಗೆ ಹೋಗೋಣ. ಹಂಪಿ ತುಂಗಭದ್ರಾ ಹೊಳೆಯ ದಂಡೆಯಲ್ಲಿದೆ. ಹೊಸಪೇಟೆಯ ಹತ್ತಿರ. 1336ರಲ್ಲಿ ಇಲ್ಲಿ ವಿಜಯನಗರ ರಾಜ್ಯ ಶುರುವಾಯಿತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಹರಿಹರ ಮತ್ತು ಬುಕ್ಕ ಎಂಬ ಅಣ್ಣತಮ್ಮಂದಿರು ಅದನ್ನು ಕಟ್ಟಿದರು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಊರು ರಾಜಧಾನಿಯಾಗಿತ್ತು. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಅವನ ನಂತರ 1529ರಲ್ಲಿ ತಮ್ಮ ಅಚ್ಯುತರಾಯ ಬಂದ.

ಆಗ ಬೇರೆ ದೇಶಗಳ ಜನ ಹಂಪಿಗೆ ಬರುತ್ತಿದ್ದರು. ಮೂವರ ಹೆಸರು ನೆನಪಿಡಿ. ಅಬ್ದುಲ್ ರಜಾಕ್ ಪರ್ಷಿಯಾ ಕಡೆಯಿಂದ 1443ರಲ್ಲಿ ರಾಯಭಾರಿಯಾಗಿ ಬಂದ. ಪಾಯೆಸ್ ಎಂಬುವನು ಪೋರ್ಚುಗಲ್ ದೇಶದವನು. ಸುಮಾರು 1520ರಲ್ಲಿ ಬಂದ. ನೂನಿಜ್ ಕೂಡ ಅದೇ ದೇಶದವನು. ಕುದುರೆ ವ್ಯಾಪಾರಿ. ಸುಮಾರು 1535ರಲ್ಲಿ ಇಲ್ಲಿದ್ದ. ಈ ಮೂವರೂ ತಾವು ಕಂಡದ್ದನ್ನು ಬರೆದಿಟ್ಟರು. ಹಾಗಾಗಿ ಐನೂರು ವರ್ಷದ ಹಿಂದಿನ ಸಂಗತಿ ಇವತ್ತು ನಮಗೆ ಗೊತ್ತಾಗಿದೆ. ಬರೆದಿಡದಿದ್ದರೆ ಅದು ಅವರ ಜೊತೆಗೇ ಹೋಗುತ್ತಿತ್ತು.

3. ಎತ್ತರದ ಟೋಪಿ

ವಿಜಯನಗರದ ರಾಜನ ತಲೆಯ ಮೇಲೆ ಇದ್ದ ಟೋಪಿಯ ಹೆಸರು ಕುಲ್ಲಾಯಿ. ಪಾರಸಿ ಭಾಷೆಯಲ್ಲಿ ಟೋಪಿಗೆ ಕುಲಾಹ್ ಎನ್ನುತ್ತಾರೆ. ಅದರಿಂದ ಕುಲ್ಲಾಯಿ ಬಂತು. ಮಗುವಿಗೆ ನಾವು ಹಾಕುವ ಕುಲಾವಿ ಎಂಬ ಪದಕ್ಕೂ ಬೇರು ಅದೇ.

ಕುಲ್ಲಾಯಿ ನೋಡಲು ಹೇಗಿತ್ತು? ಬಾಳೆಯ ಮೂತಿಯನ್ನು ಮೇಲ್ಮುಖವಾಗಿ ನಿಲ್ಲಿಸಿದ ಹಾಗೆ. ಕೆಳಗೆ ಅಗಲ, ಮೇಲಕ್ಕೆ ಹೋದಂತೆ ಸಣ್ಣ. ಜರಿ ಬಟ್ಟೆಯಲ್ಲಿ ಹೊಲಿದದ್ದು. ಪಾಯೆಸ್ ಕೃಷ್ಣದೇವರಾಯನನ್ನು ಹತ್ತಿರದಿಂದ ನೋಡಿದ. ರಾಜ ಬಿಳಿ ಬಟ್ಟೆ ಉಟ್ಟಿದ್ದ. ಬಟ್ಟೆಯ ಮೇಲೆ ಚಿನ್ನದ ಎಳೆಯಲ್ಲಿ ಗುಲಾಬಿ ಹೂಗಳ ಕಸೂತಿ ಇತ್ತು. ಕೊರಳಲ್ಲಿ ವಜ್ರದ ಒಡವೆ. ತಲೆಯ ಮೇಲೆ ಜರಿಯ ಕುಲ್ಲಾಯಿ, ಅದರ ಮೇಲೆ ನಯವಾದ ರೇಷ್ಮೆ ಬಟ್ಟೆ. ಇಷ್ಟೆಲ್ಲ ಇದ್ದರೂ ರಾಜನ ಕಾಲಿಗೆ ಮೆಟ್ಟು ಇರಲಿಲ್ಲ. ಬರಿಗಾಲು.

ನೂನಿಜ್ ಅಚ್ಯುತರಾಯನ ಕಾಲದ ಮಾತು ಹೇಳುತ್ತಾನೆ. ರಾಜ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲ. ತಲೆಯಿಂದ ತೆಗೆದ ಕುಲ್ಲಾಯಿಯನ್ನು ಮತ್ತೆ ಇಡುತ್ತಿರಲಿಲ್ಲ. ಒಂದು ಕುಲ್ಲಾಯಿಯ ಬೆಲೆ ಪೋರ್ಚುಗಲ್ ದೇಶದ ಸುಮಾರು 20 ಚಿನ್ನದ ನಾಣ್ಯ.

ಇದನ್ನು ಕೇಳಿ ನಮ್ಮ ಕೇಂದ್ರದ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ! ಒಂದು ಸಲ ಹಾಕಿ ಬಿಡೋದಾ? ನಾವು ಒಂದು ಕುಲಾವೀನ ಐದು ಮಕ್ಕಳಿಗೆ ಹಾಕಿದ್ವಲ್ಲ ತಾಯಿ!" ಎಂದರು. ಎಲ್ಲರೂ ನಕ್ಕರು. ಕುಲಾವಿ ಹೊಲಿಯುವ ಅಕ್ಕನೂ ನಕ್ಕರು.

ಕುಲ್ಲಾಯಿ ರಾಜನಿಗೆ ಮಾತ್ರ ಅಲ್ಲ. ಅರಮನೆಗೆ ಬರುವ ದೊಡ್ಡ ಮನುಷ್ಯರೂ ಅದನ್ನು ಇಡುತ್ತಿದ್ದರು. ಮೈಮೇಲೆ ಕಬಾಯಿ ಎಂಬ ಉದ್ದ ಅಂಗಿ ತೊಡುತ್ತಿದ್ದರು. ಶ್ರೀನಾಥ ಎಂಬ ದೊಡ್ಡ ತೆಲುಗು ಕವಿ ಇದ್ದ. ಅವನ ಹೆಸರಿನಲ್ಲಿ ಒಂದು ಪದ್ಯ ಜನರ ಬಾಯಲ್ಲಿ ಉಳಿದಿದೆ. ಕನ್ನಡ ರಾಜನ ಆಸ್ಥಾನಕ್ಕೆ ಬರಲು ಕುಲ್ಲಾಯಿ ಇಟ್ಟೆ, ಉದ್ದ ಅಂಗಿ ತೊಟ್ಟೆ ಎಂದು ಅವನು ಅದರಲ್ಲಿ ಕಷ್ಟ ಹೇಳಿಕೊಳ್ಳುತ್ತಾನೆ. ಎಷ್ಟು ದೊಡ್ಡ ಕವಿಯಾದರೂ ಆಸ್ಥಾನದ ಉಡುಪು ತೊಡಲೇಬೇಕಿತ್ತು.

ಕುಲ್ಲಾಯಿ ನೋಡಬೇಕೇ? ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆ ಇದೆ. ಅಕ್ಕಪಕ್ಕದಲ್ಲಿ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿ ಇದ್ದಾರೆ. ಮೂವರೂ ಕೈಮುಗಿದು ನಿಂತಿದ್ದಾರೆ. ರಾಜನ ತಲೆಯ ಮೇಲೆ ಎತ್ತರದ ಟೋಪಿ ಇದೆ. ಆಂಧ್ರಪ್ರದೇಶದ ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಚಾವಣಿಯಲ್ಲೂ ಇಂಥ ಟೋಪಿ ಇಟ್ಟವರ ಬಣ್ಣದ ಚಿತ್ರಗಳಿವೆ.

4. ರಾಜನ ಮುಂದೆ ನಿಲ್ಲುವುದು ಹೇಗೆ?

ಅರಮನೆಯಲ್ಲಿ ನಡೆಯಲು, ನಿಲ್ಲಲು, ಮಾತಾಡಲು ಕಟ್ಟುಪಾಡು ಇತ್ತು.

ರಾಜನಿದ್ದ ಕಡೆಗೆ ಯಾರೇ ಬಂದರೂ ಮೆಟ್ಟು ಬಿಟ್ಟು ಬರಬೇಕು. ಎರಡು ಕೈ ಜೋಡಿಸಿ, ತಲೆಗಿಂತ ಮೇಲೆ ಆದಷ್ಟು ಎತ್ತರಕ್ಕೆ ಎತ್ತಿ ಮುಗಿಯಬೇಕು. ಆಮೇಲೆ ದೂರ ಸರಿದು ಗೋಡೆಯ ಪಕ್ಕ ನಿಲ್ಲಬೇಕು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಎಲೆ ಅಡಿಕೆ ಜಗಿಯುವಂತಿಲ್ಲ. ಕೈಗಳನ್ನು ಕಬಾಯಿಯ ತೋಳಿನೊಳಗೆ ಇಟ್ಟುಕೊಳ್ಳಬೇಕು. ಕಣ್ಣು ನೆಲ ನೋಡುತ್ತಿರಬೇಕು. ರಾಜ ಯಾರನ್ನಾದರೂ ಮಾತಾಡಿಸಬೇಕಾದರೆ ನೇರವಾಗಿ ಮಾತಾಡಿಸುವುದಿಲ್ಲ. ನಡುವೆ ಇನ್ನೊಬ್ಬನ ಮೂಲಕ ಕೇಳಿಸುತ್ತಾನೆ. ಆಗ ಅವನು ಕಣ್ಣೆತ್ತಿ ಉತ್ತರ ಕೊಡಬೇಕು. ಮತ್ತೆ ಕಣ್ಣು ಕೆಳಗೆ. ಇದೆಲ್ಲ ಪಾಯೆಸ್ ಮತ್ತು ನೂನಿಜ್ ಬರೆದದ್ದು. ಹೀಗೆ ನಿಲ್ಲುತ್ತಿದ್ದವರು ಆಳುಕಾಳುಗಳಲ್ಲ. ಸಾವಿರಾರು ಸೈನಿಕರನ್ನು ಸಾಕುತ್ತಿದ್ದ ದೊಡ್ಡ ದೊಡ್ಡ ನಾಯಕರು.

ಇದನ್ನು ಓದಿದಾಗ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು ತಟ್ಟನೆ ಹೇಳಿದಳು: "ಟೀಚರಮ್ಮ, ಇದು ನಾನು ನಮ್ಮ ಮಾವನ ಮುಂದೆ ನಿಲ್ಲೋ ಹಾಗೇ ಐತೆ! ಗೋಡೆ ಪಕ್ಕ ನಿಲ್ಲಬೇಕು. ಕಣ್ಣು ಎತ್ತಬಾರದು. ಏನಾದ್ರೂ ಬೇಕಾದ್ರೆ ಅತ್ತೆ ಕೈಲಿ ಕೇಳಿಸ್ತಾರೆ."

ನಗು ತಡೆಯಲಾಗಲಿಲ್ಲ. ಆದರೆ ಅವಳ ಮಾತು ನಿಜ. ಇಂಥ ಕಟ್ಟುಪಾಡು ಯಾಕೆ ಮಾಡುತ್ತಾರೆ? ಯಾರು ಮೇಲೆ, ಯಾರು ಕೆಳಗೆ ಎಂದು ದಿನವೂ ನೆನಪು ಮಾಡಲು. ಮರ್ಯಾದೆ ಬೇರೆ, ಹೆದರಿಕೆ ಬೇರೆ. ಹಿರಿಯರಿಗೆ ಮರ್ಯಾದೆ ಕೊಡೋಣ. ಆದರೆ ನಮ್ಮ ಮಾತನ್ನು ನಾವೇ ಹೇಳಲು ಹೆದರಬಾರದು. ನಿಮಗೆ ಏನನ್ನಿಸುತ್ತದೆ? ನಿಮ್ಮ ನಿಮ್ಮಲ್ಲಿ ಮಾತಾಡಿ.

5. ವೀಳ್ಯ ಮತ್ತು ಚಾಮರ

ರಾಜ ಮರ್ಯಾದೆ ಕೊಡುವ ರೀತಿಯೂ ಇತ್ತು. ನಾವು ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡುತ್ತೇವೆ. ಎರಡನೆಯ ದೇವರಾಯನೂ ಅಬ್ದುಲ್ ರಜಾಕನಿಗೆ ಹಾಗೇ ಮಾಡಿದ. ವೀಳ್ಯದ ಕಟ್ಟು ಕೊಟ್ಟ. ಜೊತೆಗೆ ಹಣದ ಚೀಲ ಮತ್ತು ಕರ್ಪೂರ ಕೊಟ್ಟ. ದೂರದಿಂದ ಬಂದ ರಾಯಭಾರಿಗೆ ಈ ಎಲೆಯ ಮರ್ಯಾದೆ ಹೊಸದು. ಅವನು ಅದರ ಬಗ್ಗೆ ವಿವರವಾಗಿ ಬರೆದಿದ್ದಾನೆ.

ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಎಂದರೆ ಚಾಮರ. ಬಿಳಿಯ ಬಾಲದ ಕೂದಲಿನಿಂದ ಮಾಡಿದ, ಚಿನ್ನ ಮತ್ತು ಹರಳು ಕೂಡಿಸಿದ ಎರಡು ಚಾಮರಗಳನ್ನು ರಾಜ ಕೊಡುತ್ತಿದ್ದ. ವರ್ಷಕ್ಕೊಮ್ಮೆ ನಾಯಕರು ಕಂದಾಯ ಕಟ್ಟುವಾಗ ಅವರಿಗೆ ಶಲ್ಯ ಹೊದಿಸುತ್ತಿದ್ದ. ಈಗಲೂ ಸಭೆಗಳಲ್ಲಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡುತ್ತಾರಲ್ಲ, ಅದೂ ಇಂಥ ಮರ್ಯಾದೆಯೇ.

6. ಮಹಾನವಮಿಯ ಸಂಜೆ

ಹಂಪಿಗೆ ಹೋದವರು ಮಹಾನವಮಿ ದಿಬ್ಬ ನೋಡಿರುತ್ತೀರಿ. ಎತ್ತರದ ಕಲ್ಲಿನ ಜಗಲಿ. ಅದರ ಸುತ್ತ ಆನೆ, ಕುದುರೆ, ಕುಣಿಯುವ ಹೆಂಗಸರು, ಬೇಟೆಗಾರರು ಕೆತ್ತನೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಒಂಬತ್ತು ದಿನ ಇಲ್ಲಿ ದೊಡ್ಡ ಹಬ್ಬ. ಕುಸ್ತಿ, ಕುಣಿತ, ಬಾಣ ಬಿರುಸು ಎಲ್ಲ ನಡೆಯುತ್ತಿತ್ತು. ವಿಜಯನಗರದ ನಂತರ ಈ ಹಬ್ಬವನ್ನು ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದರು. ಈಗ ಮೈಸೂರಿನಲ್ಲಿ ನಡೆಯುವ ದಸರಾ ಅದೇ ದಾರಿಯಲ್ಲಿ ಬಂದದ್ದು.

ಪಾಯೆಸ್ ಈ ಹಬ್ಬವನ್ನು ನೋಡಿದ. ರಾಣಿವಾಸದ ಹೆಣ್ಣುಮಕ್ಕಳು ಸಾಲಾಗಿ ಹೊರಗೆ ಬಂದರು. ಕೈಯಲ್ಲಿ ಚಿನ್ನದ ಪಾತ್ರೆ. ಅದರಲ್ಲಿ ಉರಿಯುವ ದೀಪ. ಅವರ ತಲೆಯ ಮೇಲೂ ಎತ್ತರದ ಕುಲ್ಲಾಯಿ! ಕುಲ್ಲಾಯಿಯ ಮೇಲೆ ದೊಡ್ಡ ಮುತ್ತುಗಳಿಂದ ಮಾಡಿದ ಹೂಗಳು. ಹಾಗಾದರೆ ಕುಲ್ಲಾಯಿ ಗಂಡಸರಿಗೆ ಮಾತ್ರ ಇರಲಿಲ್ಲ. ಹೆಣ್ಣುಮಕ್ಕಳೂ ಇಟ್ಟರು.

ಆದರೆ ಪಾಯೆಸ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಅವರ ಮೈಮೇಲೆ ಎಷ್ಟು ಚಿನ್ನ ಇತ್ತೆಂದರೆ ಹಲವರಿಗೆ ಅದರ ಭಾರ ತಾಳಲು ಆಗಲಿಲ್ಲ. ಪಕ್ಕದಲ್ಲಿ ಬೇರೆ ಹೆಂಗಸರು ಅವರ ತೋಳು ಹಿಡಿದು ನಡೆಸುತ್ತಿದ್ದರು. ನೋಡುವವರಿಗೆ ಚಂದ. ಹೊತ್ತವರಿಗೆ ಭಾರ.

"ನೀರಿನ ಕೊಡ ಹೊತ್ತರೆ ಮನೆಗೆ ನೀರಾದ್ರೂ ಬರುತ್ತೆ" ಎಂದರು ಅಜ್ಜಿ.

7. ಬಾಗಿಲೊಳಗಿನ ಲೆಕ್ಕ

ಈಗ ಮುಖ್ಯ ಸಂಗತಿಗೆ ಬರೋಣ.

ಅರಮನೆಯ ಒಳಬಾಗಿಲಿನ ಆಚೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರು ಇದ್ದರು ಎಂದು ನೂನಿಜ್ ಬರೆಯುತ್ತಾನೆ. ಅವರು ಏನು ಮಾಡುತ್ತಿದ್ದರು? ಕೆಲವರು ಕುಣಿಯುವವರು. ಕೆಲವರು ಸಂಗೀತದವರು. ಕೆಲವರು ಪಲ್ಲಕ್ಕಿ ಹೊರುವವರು. ಕುಸ್ತಿ ಆಡುವ ಹೆಂಗಸರಿದ್ದರು. ಜ್ಯೋತಿಷ್ಯ ಹೇಳುವವರಿದ್ದರು. ನ್ಯಾಯ ಹೇಳುವವರು, ರಾತ್ರಿ ಕಾವಲು ಕಾಯುವವರು ಕೂಡ ಹೆಂಗಸರೇ ಎಂದು ಅವನು ಕೇಳಿ ಬರೆದಿದ್ದಾನೆ.

ಇನ್ನೂ ಒಂದು ಗುಂಪು ಇತ್ತು. ಅವರು ಲೆಕ್ಕ ಬರೆಯುವ ಹೆಂಗಸರು. ಬಾಗಿಲೊಳಗೆ ಆಗುವ ಎಲ್ಲ ಖರ್ಚನ್ನೂ ಅವರೇ ಬರೆದಿಡುತ್ತಿದ್ದರು. ಮತ್ತೆ ಕೆಲವು ಹೆಂಗಸರು ರಾಜ್ಯದ ಆಗುಹೋಗುಗಳನ್ನು ಬರೆಯುತ್ತಿದ್ದರು. ಹೊರಗೆ ಗಂಡಸರೂ ಬರೆಯುತ್ತಿದ್ದರು. ಆಮೇಲೆ ಈ ಹೆಂಗಸರು ತಮ್ಮ ಪುಸ್ತಕವನ್ನು ಹೊರಗಿನವರ ಪುಸ್ತಕದ ಜೊತೆ ಇಟ್ಟು ತಾಳೆ ನೋಡುತ್ತಿದ್ದರು.

ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಒಳಗಿನ ಪುಸ್ತಕ, ಹೊರಗಿನ ಪುಸ್ತಕ, ಎರಡನ್ನೂ ತಾಳೆ ನೋಡುವುದು. ಒಬ್ಬರೇ ಬರೆದರೆ ತಪ್ಪು ತಿಳಿಯುವುದಿಲ್ಲ. ಇಬ್ಬರು ಬರೆದರೆ ತಪ್ಪು ಎದ್ದು ಕಾಣುತ್ತದೆ. ಐನೂರು ವರ್ಷದ ಹಿಂದೆ, ಅಷ್ಟು ದೊಡ್ಡ ರಾಜ್ಯದಲ್ಲಿ, ಈ ಕೆಲಸವನ್ನು ಹೆಂಗಸರ ಕೈಗೆ ಕೊಟ್ಟಿದ್ದರು.

ಹಾಗೆಂದು ಆ ಕಾಲದಲ್ಲಿ ಹೆಂಗಸರೆಲ್ಲ ಸುಖವಾಗಿದ್ದರು ಎಂದು ತಿಳಿಯಬೇಡಿ. ರಾಣಿಯರು ಹೊರಗೆ ಹೊರಟರೆ ಮುಚ್ಚಿದ ಪಲ್ಲಕ್ಕಿ. ಗಂಡ ಸತ್ತರೆ ಹೆಂಡತಿಯನ್ನು ಜೀವಂತ ಸುಡುವ ಕೆಟ್ಟ ಪದ್ಧತಿ ಇತ್ತು. ಅದನ್ನೂ ನೂನಿಜ್ ಬರೆದಿದ್ದಾನೆ. ಓದು ಬರಹ ಅರಮನೆಯ ಕೆಲವು ಹೆಂಗಸರಿಗೆ ಸಿಕ್ಕಿತ್ತು. ಹೊಲ ಗದ್ದೆಯಲ್ಲಿ ದುಡಿಯುವ ಹೆಂಗಸರಿಗೆ ಅದು ದೂರವೇ ಉಳಿಯಿತು. ಅಂದು ಅರಮನೆಯ ಬಾಗಿಲೊಳಗೆ ಇದ್ದ ವಿದ್ಯೆ ಇಂದು ನಮ್ಮ ಜಗಲಿಗೆ ಬಂದಿದೆ. ಅದನ್ನು ಬಿಡುವುದು ಸರಿಯೇ?

8. ಓದುವ ತಿರುಮಲಮ್ಮ

ಆ ಲೆಕ್ಕದ ಹೆಂಗಸರ ಹೆಸರನ್ನು ನೂನಿಜ್ ಬರೆಯಲಿಲ್ಲ. ಆದರೆ ವಿಜಯನಗರ ಕಾಲದ ಕೆಲವು ಬರಹಗಾರ್ತಿಯರ ಹೆಸರು ಉಳಿದಿದೆ.

ಒಬ್ಬಳು ಗಂಗಾದೇವಿ. ಬುಕ್ಕರಾಯನ ಸೊಸೆ. ಅವಳ ಗಂಡ ಕಂಪಣ. ಕಂಪಣ ಮಧುರೆಯ ಮೇಲೆ ದಂಡೆತ್ತಿ ಹೋಗಿ ಗೆದ್ದ. ಆ ಯುದ್ಧದ ಮೇಲೆ ಗಂಗಾದೇವಿ ಸಂಸ್ಕೃತದಲ್ಲಿ ಒಂದು ಕಾವ್ಯ ಬರೆದಳು. ಅದರ ಹೆಸರು ಮಧುರಾವಿಜಯ.

ಇನ್ನೊಬ್ಬಳು ತಿರುಮಲಾಂಬೆ. ಅಚ್ಯುತರಾಯನ ಕಾಲದವಳು. ಅಚ್ಯುತರಾಯ ಮತ್ತು ವರದಾಂಬಿಕೆಯ ಮದುವೆಯ ಮೇಲೆ ಅವಳೂ ಸಂಸ್ಕೃತದಲ್ಲಿ ಒಂದು ಕಾವ್ಯ ಬರೆದಳು.

ಅದೇ ಕಾಲದ ಶಾಸನದಲ್ಲಿ ಒಂದು ಹೆಸರು ಇದೆ: ಓದುವ ತಿರುಮಲಮ್ಮ. ಅಚ್ಯುತರಾಯ ಮಾಡಿದ ದಾನದ ಬಗ್ಗೆ ಅವಳು ಪದ್ಯ ಕಟ್ಟಿದಳು. ಆ ಪದ್ಯವನ್ನು ಕಲ್ಲಿನ ಮೇಲೆ ಕೆತ್ತಿಸಿದರು. ತಿರುಮಲಾಂಬೆ ಮತ್ತು ಓದುವ ತಿರುಮಲಮ್ಮ ಇಬ್ಬರೂ ಒಬ್ಬರೇ ಇರಬೇಕು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಹೆಸರನ್ನು ಮತ್ತೆ ನೋಡಿ. ಅವಳನ್ನು ಇಂಥವರ ಮಗಳು, ಇಂಥವರ ಹೆಂಡತಿ ಎಂದು ಕರೆಯಲಿಲ್ಲ. ಓದುವ ತಿರುಮಲಮ್ಮ ಎಂದು ಕರೆದರು. ಓದುವುದೇ ಅವಳ ಗುರುತಾಯಿತು.

1565ರಲ್ಲಿ ದೊಡ್ಡ ಯುದ್ಧ ಆಯಿತು. ವಿಜಯನಗರದ ಸೈನ್ಯ ಸೋತಿತು. ಊರು ಹಾಳಾಯಿತು. ಚಿನ್ನದ ಪಾತ್ರೆ ಹೋಯಿತು. ಇಪ್ಪತ್ತು ನಾಣ್ಯದ ಕುಲ್ಲಾಯಿಗಳು ಹೋದವು. ಕಲ್ಲಿನ ಮೇಲೆ ಬರೆದ ಅಕ್ಷರ ಉಳಿಯಿತು.

9. ಎರಡು ಪುಸ್ತಕ, ಒಂದು ಲೆಕ್ಕ

ಆ ಸಂಜೆ ಪಾಠ ಮುಗಿಯಿತು. ಕುಲಾವಿಯ ಅಕ್ಕ ಎದ್ದು ಹೋಗಲಿಲ್ಲ. "ಟೀಚರಮ್ಮ, ನಮ್ಮ ಸಂಘದ ಲೆಕ್ಕಾನೂ ಹಂಗೆ ತಾಳೆ ನೋಡಬಹುದಾ?" ಎಂದು ಕೇಳಿದರು.

"ಯಾಕಾಗಲ್ಲ? ಬ್ಯಾಂಕಿನ ಪಾಸ್ ಪುಸ್ತಕ ಯಾರ ಹತ್ರ ಇದೆ?"

"ಸಂಘದ ಅಧ್ಯಕ್ಷರ ಹತ್ರ."

"ನೀವು ಸಂಘದ ಸದಸ್ಯರು. ಕೇಳೋ ಹಕ್ಕು ನಿಮಗಿದೆ."

ಮುಂದಿನ ವಾರ ಅಧ್ಯಕ್ಷೆ ಪಾಸ್ ಪುಸ್ತಕ ಮತ್ತು ಲೆಕ್ಕದ ಪುಸ್ತಕ ಎರಡನ್ನೂ ತಂದರು. ಲೆಕ್ಕ ಬರೆಯುತ್ತಿದ್ದ ಹುಡುಗನೂ ಬಂದ. ಎಲ್ಲರೂ ಸುತ್ತ ಕುಳಿತೆವು. ಅಕ್ಕ ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಮೊದಲು ತಾರೀಕು. ಆಮೇಲೆ ಹಣ. ಒಂದು ತಿಂಗಳಿನಲ್ಲಿ ಬೆರಳು ನಿಂತಿತು. ಆ ತಿಂಗಳು ಬ್ಯಾಂಕಿಗೆ ಕಟ್ಟಿದ ಹಣ 4,500. ಲೆಕ್ಕದ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಇದ್ದದ್ದನ್ನು ಕೂಡಿದರೆ 4,000. ಐನೂರು ವ್ಯತ್ಯಾಸ. ಅಕ್ಕನ ಹೆಸರಿನ ಮುಂದೆ ಜಾಗ ಖಾಲಿ ಇತ್ತು.

ಹುಡುಗ ಎರಡು ಸಲ ಕೂಡಿ ನೋಡಿದ. "ತಪ್ಪಾಗಿದೆ ಅತ್ತೆ, ಬರೆಯೋದು ಬಿಟ್ಟುಹೋಗಿದೆ" ಎಂದ. ಅಲ್ಲೇ ಸರಿಪಡಿಸಿ ಸಹಿ ಹಾಕಿದ. ಅಧ್ಯಕ್ಷೆಯೂ ಸಹಿ ಹಾಕಿದರು.

ಹಣ ಬ್ಯಾಂಕಿನಲ್ಲಿತ್ತು. ಯಾರೂ ಕದ್ದಿರಲಿಲ್ಲ. ಆದರೆ ಓದದೇ ಇದ್ದಿದ್ದರೆ ಅಕ್ಕ ಐನೂರು ರೂಪಾಯಿ ಮತ್ತೆ ಕಟ್ಟಬೇಕಾಗುತ್ತಿತ್ತು. ಸುಳ್ಳು ಹೇಳಿದಳು ಎಂಬ ಮಾತೂ ಉಳಿಯುತ್ತಿತ್ತು. ಅದು ಐನೂರಕ್ಕಿಂತ ದೊಡ್ಡ ನಷ್ಟ.

ಈಗ ಅಕ್ಕನ ಹತ್ತಿರ ಒಂದು ಸಣ್ಣ ನೋಟ್ ಪುಸ್ತಕ ಇದೆ. ಕಂತು ಕಟ್ಟಿದ ದಿನ ತಾರೀಕು, ಹಣ ಬರೆಯುತ್ತಾರೆ. ಪಕ್ಕದಲ್ಲಿ ಅಧ್ಯಕ್ಷೆಯ ಸಹಿ ಹಾಕಿಸುತ್ತಾರೆ. ತಿಂಗಳಿಗೊಮ್ಮೆ ಸಂಘದ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ಅಡುಗೆಮನೆಯ ಗೋಡೆಗೆ ಸುಣ್ಣ ಹೊಡೆದಿದ್ದಾರೆ.

ಮೊಮ್ಮಗುವಿನ ಕುಲಾವಿಯೂ ಮುಗಿಯಿತು. ಅದರ ಒಳಮಡಿಕೆಯಲ್ಲಿ ಅಕ್ಕ ಕೆಂಪು ದಾರದಿಂದ ಮಗುವಿನ ಹೆಸರು ಹೊಲಿದರು. ಎರಡೇ ಅಕ್ಷರ. ಒಂದು ಅಕ್ಷರ ಸ್ವಲ್ಪ ಸೊಟ್ಟ ಬಂದಿದೆ. ಪರವಾಗಿಲ್ಲ, ಓದಲು ಬರುತ್ತದೆ.

ಹೊಸ ಪದಗಳು

ಅಂತಃಪುರ – ಅರಮನೆಯಲ್ಲಿ ರಾಣಿಯರು ಇರುವ ಭಾಗ, ರಾಣಿವಾಸ
ಆಸ್ಥಾನ – ರಾಜನ ಸಭೆ
ರಾಯಭಾರಿ – ಒಬ್ಬ ರಾಜನ ಪರವಾಗಿ ಇನ್ನೊಬ್ಬ ರಾಜನ ಬಳಿಗೆ ಬರುವವನು
ಕಬಾಯಿ – ಉದ್ದ ತೋಳಿನ ಉದ್ದ ಅಂಗಿ
ಚಾಮರ – ಗಾಳಿ ಬೀಸುವ ಕೂದಲಿನ ಕುಚ್ಚು
ಕಂದಾಯ – ಸರ್ಕಾರಕ್ಕೆ ಅಥವಾ ರಾಜನಿಗೆ ಕಟ್ಟುವ ಭೂಮಿಯ ತೆರಿಗೆ
ಶಾಸನ – ಕಲ್ಲು ಅಥವಾ ತಾಮ್ರದ ಮೇಲೆ ಕೆತ್ತಿದ ಬರಹ
ತಾಳೆ ನೋಡುವುದು – ಎರಡು ಲೆಕ್ಕ ಒಂದೇ ಆಗಿದೆಯೇ ಎಂದು ನೋಡುವುದು

ಉತ್ತರ ಹೇಳಿ

1. ವಿಜಯನಗರದ ರಾಜರ ಟೋಪಿಯ ಹೆಸರೇನು?
2. ರಾಜನ ಮುಂದೆ ನಾಯಕರು ಹೇಗೆ ನಿಲ್ಲುತ್ತಿದ್ದರು?
3. ಅರಮನೆಯ ಒಳಗೆ ಹೆಂಗಸರು ಯಾವ ಯಾವ ಕೆಲಸ ಮಾಡುತ್ತಿದ್ದರು? ನಾಲ್ಕನ್ನು ಹೇಳಿ.
4. ಓದುವ ತಿರುಮಲಮ್ಮನಿಗೆ ಆ ಹೆಸರು ಯಾಕೆ ಬಂದಿರಬಹುದು?
5. ಅಕ್ಕನ ಲೆಕ್ಕದಲ್ಲಿ ತಪ್ಪು ಹೇಗೆ ತಿಳಿಯಿತು?

ಲೆಕ್ಕ ಮಾಡಿ

1. ಒಂದು ಕುಲ್ಲಾಯಿಗೆ 20 ನಾಣ್ಯ. ದಿನಕ್ಕೊಂದು ಕುಲ್ಲಾಯಿ ಬೇಕಾದರೆ 7 ದಿನಕ್ಕೆ ಎಷ್ಟು ನಾಣ್ಯ?
2. ಸಾಲ 6,000 ರೂಪಾಯಿ. ಕಂತು 500 ರೂಪಾಯಿ. 7 ಕಂತು ಕಟ್ಟಿದರೆ ಕಟ್ಟಿದ ಹಣ ಎಷ್ಟು? ಬಡ್ಡಿ ಬಿಟ್ಟು ಉಳಿದ ಸಾಲ ಎಷ್ಟು?

ಮಾಡಿ ನೋಡಿ

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆಯಿರಿ. ಎರಡನೆಯ ಪುಟದಲ್ಲಿ ಮೂರು ಗೆರೆ ಎಳೆದು ನಾಲ್ಕು ಸಾಲು ಮಾಡಿ: ತಾರೀಕು, ಯಾತಕ್ಕೆ, ಹಣ, ಸಹಿ. ಹಾಲಿನ ಲೆಕ್ಕವೋ, ಕೂಲಿಯ ಲೆಕ್ಕವೋ, ಸಂಘದ ಕಂತೋ, ಯಾವುದಾದರೂ ಒಂದನ್ನು ಇವತ್ತಿನಿಂದಲೇ ಬರೆಯಿರಿ. ತಿಂಗಳ ಕೊನೆಗೆ ಎದುರಿನವರ ಲೆಕ್ಕದ ಜೊತೆ ತಾಳೆ ನೋಡಿ. ಏನು ಕಂಡಿತು ಎಂದು ನಿಮ್ಮ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.